ಅಪ್‌ಡೇಟ್: ಪಿಕಪ್ ಬಾಡಿಯೊಳಗೆ ಸ್ಪ್ರೇ ಲೈನರ್ ಹಾಕಿಸಿದ ಮೇಲೆ

ಕೆಂಪುಕಲ್ಲು ಸಾಗಿಸುವ ನಮ್ಮ ಬೊಲೆರೊ ಪಿಕಪ್‌ನ ಸರಕು ತುಂಬುವ ಬಾಡಿಯೊಳಗೆ ರಬ್ಬರ್ ಮ್ಯಾಟ್ ಹಾಸುವುದೋ, ಸ್ಪ್ರೇ ಲೈನರ್ (ತಗಡಿನ ಮೇಲೆ ಸಿಂಪಡಿಸಿ ಕೂರಿಸುವ ರಕ್ಷಣಾ ಪದರ) ಹಾಕಿಸುವುದೋ ಎಂದು ಮಳೆಗಾಲಕ್ಕೆ ಮುಂಚೆ ಇಲ್ಲಿ ಕೇಳಿದ್ದೆ. ಮ್ಯಾಟಿನ ಅಡಿಯಲ್ಲಿ ನೀರು ನಿಂತು, ಕಣ್ಣಿಗೆ ಬೀಳದಂತೆ ತುಕ್ಕು ಹಿಡಿಯುತ್ತದೆ ಎಂಬ ನಿಮ್ಮ ಮಾತನ್ನು ಒಪ್ಪಿ ಪಾಲಿಯೂರಿಯಾ ಎಂಬ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್‌ನ ಸ್ಪ್ರೇ ಲೈನರನ್ನೇ ಹಾಕಿಸಿದೆ.

ಸ್ಪ್ರೇ ಮಾಡಿದ್ದು ಕ್ಷಣಗಳಲ್ಲೇ ಗಟ್ಟಿಯಾಯಿತು. ಆದರೆ ಹಳೆಯ ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿ, ಗ್ರೀಸ್ ಒರೆಸಿ, ಪ್ರೈಮರ್ ಬಳಿದು, ನೀರು ಹರಿಯುವ ತೂತುಗಳಿಗೆ ಟೇಪ್ ಅಂಟಿಸುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ನನ್ನ ಅಭಿಪ್ರಾಯದಲ್ಲಿ ಲೈನರಿನ ಬಾಳಿಕೆ ನಿಂತಿರುವುದು ಈ ತಯಾರಿಯ ಮೇಲೆಯೇ. ಮಳೆಗಾಲವಿಡೀ ಕಲ್ಲು ಹೊತ್ತರೂ ಪದರ ಎಲ್ಲಿಯೂ ಎದ್ದಿಲ್ಲ. ಕಲ್ಲು ಎಳೆದು ಇಳಿಸುವ ಹಿಂಬಾಗಿಲ ಅಂಚಿನಲ್ಲಿ ತರಿತರಿ ಮೈ ಸವೆದು ನುಣುಪಾಗಿದೆಯೇ ಹೊರತು ತಗಡು ಕಂಡಿಲ್ಲ.

ಬಿಸಿಲಿಗೆ ಕಪ್ಪು ಬಣ್ಣ ತುಸು ಮಾಸಿದೆ. ನಾನು ಹಾಕಿಸಿದ್ದು ಆರೊಮ್ಯಾಟಿಕ್ ಎಂಬ ಬಗೆಯ ಪಾಲಿಯೂರಿಯಾ; ಅದು ಬಿಸಿಲಿಗೆ ಮಾಸುವುದು ಸಹಜ. ಬಣ್ಣ ಉಳಿಯಲೇಬೇಕು ಎನ್ನುವವರು ಬಿಸಿಲಿಗೆ ಸುಲಭವಾಗಿ ಮಾಸದ ಆಲಿಫ್ಯಾಟಿಕ್ ಬಗೆಯ ಮೇಲ್ಪದರವನ್ನು ಕೇಳಿ ಹಾಕಿಸಿಕೊಳ್ಳಬೇಕು.