ಕಲಬುರಗಿ ಸ್ಟೇಷನ್ ಹತ್ತಿರ ಮಲಗುವವರಿಗೆ ಊಟ ಬಿಟ್ಟು ಇನ್ನೇನು ಮಾಡಬಹುದು?

ಸೂಪರ್ ಮಾರ್ಕೆಟ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ರಾತ್ರಿ ಹೊತ್ತು ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಕಡೆ ಮಲಗುವವರಿಗೆ ಊಟ, ಚಾದರ ಕೊಡುತ್ತಿದ್ದೇವೆ. ತಗೊಳ್ತಾರೆ, ಒಳ್ಳೆಯದಾಗಲಿ ಅಂತಾರೆ, ಆದರೆ ಮುಂದಿನ ವಾರ ಹೋದರೆ ಅದೇ ಜನ, ಅದೇ ಜಾಗ. ಜೇವರ್ಗಿ ಕಡೆಯ ಒಬ್ಬ ಮುತ್ಯಾ "ನಂದಿನ್ನೇನೈತಪ್ಪ, ಹಿಂಗೇ ಹೋಗ್ತೀನಿ" ಅಂದರು. ಅದು ತಲೆಯಿಂದ ಹೋಗುತ್ತಿಲ್ಲ. ಇಂಥವರಿಗೆ ಮತ್ತೆ ಬದುಕಿನ ಮೇಲೆ ಆಸೆ ಹುಟ್ಟಬೇಕಾದರೆ ನಾವೇನು ಮಾಡಬೇಕು?

ಬೀದರ್ ಅಕ್ಕ:
ತಮ್ಮಾ, ನಮ್ಮ ಭಾಗದಲ್ಲಿ ಊಟ ಹಾಕುವ ಕೈಗಳಿಗೆ ಕೊರತೆ ಇಲ್ಲ. ನಿಮ್ಮಲ್ಲಿ ಶರಣಬಸವೇಶ್ವರ ಗುಡಿಯ ದಾಸೋಹ, ಬಂದೇನವಾಜ್ ದರ್ಗಾ. ನಮ್ಮ ಬೀದರ್‌ನಲ್ಲಿ ನಾನಕ್ ಝೀರಾ ಗುರುದ್ವಾರದ ಲಂಗರ್, ಯಾರು ಬಂದರೂ ನೀನ್ಯಾರು ಅಂತ ಕೇಳದೆ ಬಡಿಸುತ್ತಾರೆ. ಆದರೆ ಹೆಸರು ಹಿಡಿದು ಕರೆಯುವವರು, ನಾಳೆ ಕಾಣದಿದ್ದರೆ ಎಲ್ಲಿ ಹೋದರು ಅಂತ ಹುಡುಕುವವರು ಯಾರೂ ಇರಲ್ಲ. ವಾರಕ್ಕೊಂದೇ ದಿನ ಆದರೂ ಸರಿ, ಅದೇ ದಿನ, ಅದೇ ಹೊತ್ತು, ಅದೇ ಮುಖಗಳು ಹೋಗಲಿ. ಕೂತು ಮಾತಾಡಿ. ಮೊದಲ ದಿನವೇ ಆಧಾರ್ ಎಲ್ಲಿ, ಮಕ್ಕಳೆಲ್ಲಿ ಅಂತ ಶುರು ಮಾಡಬೇಡಿ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಎತ್ತಿಕೊಂಡು ಹೋಗಲು ಬಂದವರು ಅಂದುಕೊಂಡು ಜಾಗವನ್ನೇ ಬಿಟ್ಟು ಹೋಗುತ್ತಾರೆ. ಫೋಟೋ ಅಂತೂ ತೆಗೆಯಲೇಬೇಡಿ. ಊರಿನವರ ಕಣ್ಣಿಗೆ ಬೀಳುತ್ತೇನೆ ಅನ್ನೋ ಭಯಕ್ಕೇ ಎಷ್ಟೋ ಜನ ಮನೆಗೆ ಫೋನ್ ಮಾಡಲ್ಲ.

ಫಾರ್ಮ್ ತುಂಬುವವ:
ಅಕ್ಕ ಹೇಳಿದ್ದು ಸರಿ. ಪರಿಚಯ ಆದ ಮೇಲೆ ಕಾಗದದ ಕೆಲಸ ಹಿಡಿಯಿರಿ, ಯಾಕೆಂದರೆ ಎಲ್ಲವೂ ಅಲ್ಲೇ ನಿಂತಿರುತ್ತದೆ. ವಿಳಾಸ ಇಲ್ಲದಿದ್ದರೂ ವೋಟರ್ ಕಾರ್ಡ್ ಸಿಗುತ್ತದೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಹೆಸರು ಸೇರಿಸುವ ಅರ್ಜಿ, ಅಂದರೆ ಫಾರ್ಮ್ 6 ಕೊಟ್ಟರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಬಂದು, ಆ ವ್ಯಕ್ತಿ ಅಲ್ಲೇ ಮಲಗುತ್ತಾನಾ ಅಂತ ನೋಡಿ ಹೆಸರು ಸೇರಿಸಬೇಕು. 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಪ್ರಯತ್ನಿಸಬಹುದು, ಆ ಮುತ್ಯಾನ ವಯಸ್ಸು ಕೇಳಿ ನೋಡಿ.

ಇನ್ನೊಂದು. 2013ರಲ್ಲಿ ಶುರುವಾಗಿ 2024ರವರೆಗೆ ನಡೆದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಮಿಷನ್ ನಿಯಮದ ಪ್ರಕಾರ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕಿತ್ತು, ಅದೂ 24 ಗಂಟೆ ತೆರೆದಿರುವಂಥದ್ದು. ಕಲಬುರಗಿ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿತ್ತು. ಎಷ್ಟು ಕೇಂದ್ರ ಇವೆ, ಹೆಂಗಸರಿಗೆ ಬೇರೆ ಇದೆಯಾ ಅಂತ ಪಾಲಿಕೆಯಲ್ಲಿ ಬರವಣಿಗೆಯಲ್ಲೇ ಕೇಳಿ. ಬಾಯಿ ಮಾತಲ್ಲಿ ಕೇಳಿದರೆ ನಾಳೆ ಬನ್ನಿ ಅಂತಾರೆ.

ಶಹಾಬಾದ್ ರೋಡ್:
ನಾನು ಸ್ವತಃ ಹಾಗೆ ಮಲಗಿದವನು. ಪುಣೆಯಲ್ಲಿ ಬಿಲ್ಡಿಂಗ್ ಕೆಲಸದಲ್ಲಿ ಕಾಲು ಮುರಿಯಿತು, ಗುತ್ತಿಗೆದಾರ ಫೋನ್ ಎತ್ತಲಿಲ್ಲ, ಬರಿಗೈಲಿ ಊರಿಗೆ ಹೋಗೋಕೆ ಮನಸ್ಸಾಗದೆ ಕಲಬುರಗಿಯಲ್ಲೇ ಇಳಿದೆ. ಉಪದೇಶ ಮಾಡಿದವರು ಬಹಳ ಜನ. ಚಹಾ ಅಂಗಡಿಯ ಕಾಕಾ ಮಾತ್ರ "ಲೋಟ ತೊಳಿ, ಸಂಜೆ ದುಡ್ಡು ತಗೋ" ಅಂದರು. ಆಮೇಲೆ ಅವರೇ ದಾಲ್ ಮಿಲ್‌ನಲ್ಲಿ ಹೇಳಿ ಕೆಲಸ ಕೊಡಿಸಿದರು. ಕೈಗೆ ಕೂಲಿ ಬಂದ ಮೇಲೆಯೇ ಮನೆಗೆ ಫೋನ್ ಮಾಡೋ ಧೈರ್ಯ ಬಂತು. ನಿಮ್ಮ ಪರಿಚಯದ ಅಂಗಡಿಯವರು, ಮಿಲ್‌ನವರು ಇದ್ದರೆ ಅವರ ಜೊತೆ ಮಾತಾಡಿ.

ಬೀದರ್ ಅಕ್ಕ:
ಒಂದು ಮಾತು ಬಿಟ್ಟುಹೋಯಿತು. ತಮ್ಮಷ್ಟಕ್ಕೆ ಮಾತಾಡುತ್ತಾ, ಮೈಮೇಲೆ ಎಚ್ಚರ ಇಲ್ಲದೆ ತಿರುಗುವವರನ್ನು ನೀವೇ ಎಲ್ಲಿಗೂ ಸಾಗಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅಂಥವರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್‌ನಲ್ಲಿ ಇಡುವ ಹಾಗಿಲ್ಲ. ಸಲಹೆ ಬೇಕಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ವಯಸ್ಸಾದವರ ವಿಷಯಕ್ಕೆ 14567ಕ್ಕೆ ಫೋನ್ ಮಾಡಿ.

ಸೂಪರ್ ಮಾರ್ಕೆಟ್ ಹುಡುಗ:
ಎಲ್ಲರಿಗೂ ಶರಣು. ಗುರುವಾರ ದರ್ಗಾ ಕಡೆ ಜನ ಜಾಸ್ತಿ, ಹಾಗಾಗಿ ನಾವು ಬುಧವಾರ ರಾತ್ರಿ ಹಿಡಿದುಕೊಳ್ಳುತ್ತೇವೆ. ಶಹಾಬಾದ್ ರೋಡ್ ಅಣ್ಣಾರ, ನೀವೊಂದು ಸಲ ಬಂದು ಮುತ್ಯಾನ ಜೊತೆ ಕೂತು ಮಾತಾಡುತ್ತೀರಾ? ಹೆಂಗಸರ ಹತ್ತಿರ ಮಾತಾಡೋಕೆ ನಮ್ಮಲ್ಲಿ ಯಾರೂ ಇಲ್ಲ, ಕಲಬುರಗಿಯ ಅಕ್ಕಂದಿರು ಯಾರಾದರೂ ಜೊತೆಗೆ ಬರುವುದಿದ್ದರೆ ಇಲ್ಲೇ ತಿಳಿಸಿ.