ಪೊಲೈಟ್, ಸಿವಿಲ್, ಆಬ್ಸೀಕ್ವಿಯಸ್: ಎಲ್ಲವೂ ‘ವಿನಯ’ವೇ?

ಪ್ರಶ್ನೆ
ಇಂಗ್ಲಿಷಿನಿಂದ ಅನುವಾದಿಸುವಾಗ ಪೊಲೈಟ್, ಸಿವಿಲ್, ಕರ್ಟಿಯಸ್ ಮೂರಕ್ಕೂ ‘ವಿನಯ’ ಎಂದೇ ಬರೆದುಬಿಡುತ್ತೇವೆ. ಫ್ಲ್ಯಾಟರಿ, ಆಬ್ಸೀಕ್ವಿಯಸ್, ಫುಲ್ಸಮ್ ಬಂದರೆ ಎಲ್ಲವೂ ‘ಮುಖಸ್ತುತಿ’. ‘ಹಿ ವಾಸ್ ಸಿವಿಲ್ ಟು ಹರ್’ ಎಂಬುದಕ್ಕೆ ‘ಅವಳೊಡನೆ ವಿನಯದಿಂದ ನಡೆದುಕೊಂಡ’ ಎಂದರೆ ಸರಿಯೇ?

ಉತ್ತರ 1
ಸರಿಯಲ್ಲ. ಒಳಗೆ ಮುನಿಸಿದ್ದರೂ ಒರಟಾಗಲಿಲ್ಲ ಎನ್ನುವಷ್ಟೇ ಸಿವಿಲ್. ಅದರಲ್ಲಿ ಆತ್ಮೀಯತೆ ಇಲ್ಲ. ‘ಮರ್ಯಾದೆ ತಪ್ಪದೆ ಮಾತಾಡಿದ’ ಎನ್ನಿ. ಪೊಲೈಟ್‌ನ ಲ್ಯಾಟಿನ್ ಮೂಲಕ್ಕೆ ‘ಉಜ್ಜಿ ನುಣುಪಾಗಿಸಿದ್ದು’ ಎಂಬ ಅರ್ಥ. ನಮ್ಮ ‘ನಯ’ಕ್ಕೂ ಇದೇ ಎರಡು ಮುಖ ಇರುವುದರಿಂದ ಅದು ಚೆನ್ನಾಗಿ ಕೂರುತ್ತದೆ: ‘ನಯವಾಗಿ ಬೇಡವೆಂದಳು’. ‘ವಿನಯ’ದಲ್ಲಿ ತಗ್ಗಿ ನಡೆಯುವ ಭಾವ ಸೇರಿಕೊಳ್ಳುತ್ತದೆ, ಪೊಲೈಟ್‌ಗೆ ಅದು ಬೇಕಿಲ್ಲ. ಕೇಳದೆಯೇ ಇನ್ನೊಬ್ಬರ ಅನುಕೂಲ ನೋಡುವುದು ಕರ್ಟಿಯಸ್. ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಲ್ಲುವಂಥದ್ದು. ಅದಕ್ಕೆ ‘ಸೌಜನ್ಯ’.

ಉತ್ತರ 2
ಮುಖಸ್ತುತಿಗೆ ಮಾತು ಬೇಕು, ಆಬ್ಸೀಕ್ವಿಯಸ್‌ಗೆ ಬೇಡ. ಯಜಮಾನ ಪೆನ್ನಿಗೆ ಕೈಚಾಚುವ ಮೊದಲೇ ಮುಚ್ಚಳ ತೆಗೆದು ನೀಡುವುದು, ಅವರ ಜೋಕು ಮುಗಿಯುವ ಮೊದಲೇ ನಕ್ಕುಬಿಡುವುದು ಆಬ್ಸೀಕ್ವಿಯಸ್. ‘ಅಡಿಯಾಳಿನಂತೆ’ ಎಂದರೆ ಹತ್ತಿರವಾಗುತ್ತದೆ. ಆದರೆ 17ನೇ ಶತಮಾನದ ಪಠ್ಯದಲ್ಲಿ ಕಂಡರೆ ಎಚ್ಚರ, ಆಗ ಅದಕ್ಕೆ ‘ವಿಧೇಯ’ ಎಂಬ ಒಳ್ಳೆಯ ಅರ್ಥವೂ ಇತ್ತು.

ಅತಿಯಾಗಿ ಓಲೈಸುವುದಕ್ಕೆ ಹೇಳುವ ಫಾನ್ ಎಂಬ ಕ್ರಿಯಾಪದ ನಾಯಿ ಬಾಲ ಅಲ್ಲಾಡಿಸಿ ಮೈಮೇಲೆ ಬೀಳುವುದಕ್ಕೂ ಬಳಕೆಯಲ್ಲಿದೆ. ಸಿಕೊಫಂಟ್‌ಗೆ ‘ಬಾಲಬಡುಕ’ ಹೇಳಿ ಮಾಡಿಸಿದಂತಿದೆ. ಟೋಡಿ ಎಂದರೂ ಬಾಲಬಡುಕನೇ, ಆ ಪದ ಹುಟ್ಟಿದ್ದು ‘ಕಪ್ಪೆ ತಿನ್ನುವವ’ ಎಂಬ ಮಾತಿನಿಂದ. ನಕಲಿ ವೈದ್ಯನ ಆಳು ವಿಷವೆಂದು ಜನ ನಂಬಿದ್ದ ನೆಲಗಪ್ಪೆಯನ್ನು ತಿಂದಂತೆ ನಟಿಸುತ್ತಿದ್ದ, ಯಜಮಾನ ಔಷಧ ಕೊಟ್ಟು ಅವನನ್ನು ‘ಬದುಕಿಸುತ್ತಿದ್ದ’. ಅಂಕ್ಚುಅಸ್‌ನ ಮೂಲದಲ್ಲಿರುವುದು ಲೇಪದ ಎಣ್ಣೆ. ಹಾಗೆಂದು ಅದನ್ನು ‘ಬೆಣ್ಣೆ ಹಚ್ಚುವುದು’ ಎನ್ನಬೇಡಿ. ಬೆಣ್ಣೆ ಹಚ್ಚುವುದು ಎದುರಿನವರಿಗೆ, ಈ ಜಿಡ್ಡು ಇರುವುದು ಮಾತಾಡುವವನಲ್ಲೇ. ‘ಜಿಡ್ಡುಗಟ್ಟಿದ ವಿನಯ’ ಎನ್ನಬಹುದು. ‘ವಿನಯ’ಕ್ಕೆ ಇಲ್ಲಿ ನಿಜವಾಗಿಯೂ ಕೆಲಸವಿದೆ.

ತೀರಾ ಕಾಡುವುದು ಫುಲ್ಸಮ್. ಮೊದಲು ‘ಹೇರಳ’ ಎಂಬ ಅರ್ಥ, ಆಮೇಲೆ ‘ಓಕರಿಕೆ ಬರುವಷ್ಟು ಅತಿ’ ಎಂಬುದು. ಇಂದು ಎರಡೂ ಚಾಲ್ತಿಯಲ್ಲಿವೆ. ಹೊಗಳಿಕೆಯ ಬಗ್ಗೆ ಲೇಖಕರ ಧೋರಣೆ ಏನೆಂದು ಹಿಂದುಮುಂದಿನ ಸಾಲು ಓದಿಯೇ ನಿರ್ಧರಿಸಿ. ನೀವೇ ಇಂಗ್ಲಿಷ್ ಬರೆಯುವಾಗ ಈ ಪದ ಬಿಟ್ಟುಬಿಡುವುದು ಕ್ಷೇಮ.

ಉತ್ತರ 3
ವ್ಯಾಕರಣದಲ್ಲೂ ಕಾಲು ಜಾರುತ್ತದೆ. ‘ಇನ್‌ಗ್ರೇಷಿಯೇಟೆಡ್ ದ ಬಾಸ್’ ತಪ್ಪು, ‘ಇನ್‌ಗ್ರೇಷಿಯೇಟೆಡ್ ಹಿಮ್‌ಸೆಲ್ಫ್ ವಿತ್ ದ ಬಾಸ್’ ಆಗಬೇಕು: ಓಲೈಸಿ ಬಾಸ್‌ನ ಮೆಚ್ಚುಗೆ ಗಿಟ್ಟಿಸಿಕೊಂಡ ಎಂದರ್ಥ. ಕಜೋಲ್ ಸಾಮಾನ್ಯವಾಗಿ ‘ಇಂಟು’ ಜೊತೆ ಬರುತ್ತದೆ: ಪುಸಲಾಯಿಸಿ ಕೆಲಸ ಮಾಡಿಸುವುದು. ವೀಡಲ್‌ಗೆ ‘ಔಟ್ ಆಫ್’: ಪುಸಲಾಯಿಸಿ ಏನನ್ನಾದರೂ ಕಿತ್ತುಕೊಳ್ಳುವುದು.

ಇನ್ನು ‘ಐ ಆಮ್ ಫ್ಲ್ಯಾಟರ್ಡ್’ ಎಂದವರು ಮುಖಸ್ತುತಿಯನ್ನು ದೂರುತ್ತಿಲ್ಲ, ಸಂತೋಷಪಡುತ್ತಿದ್ದಾರೆ. ಕನ್ನಡದಲ್ಲಿ ಅದು ‘ನಿಮ್ಮದು ದೊಡ್ಡ ಮಾತು’.