ಸೌದೆ ಒಲೆಯ ಗಾಜಿನ ಬಾಗಿಲು ದಿನಾ ಕಪ್ಪಾಗ್ತಿದೆ, ಏನ್ ಮಾಡೋದು?

ಸಾಗರದವಳು (ಟ್ರಾಂಡ್‌ಹೈಮ್)

ಎಲ್ಲರಿಗೂ ನಮಸ್ಕಾರ. ನಾರ್ವೆಯಲ್ಲಿ ನಮಗಿದು ಮೊದಲ ಚಳಿಗಾಲ. ಬಾಡಿಗೆ ಮನೆಯ ಹಾಲ್‌ನಲ್ಲಿ ಎರಕದ ಕಬ್ಬಿಣದ ಸೌದೆ ಒಲೆ ಇದೆ, ಮುಂದುಗಡೆ ಗಾಜಿನ ಬಾಗಿಲು. ಕರೆಂಟ್ ಬಿಲ್ ನೋಡಿದ್ದೇ ನಮ್ಮನೆಯವರು ಹೀಟರ್ ಆರಿಸಿ ಒಲೆ ಹಚ್ಚೋಕೆ ಶುರು ಮಾಡಿದ್ರು. ರಾತ್ರಿ ಮಲಗೋ ಮುಂಚೆ ಎರಡು ದಪ್ಪ ಕೊರಡು ತುಂಬಿ, ಬೆಳಗಿನ ತನಕ ಬರಲಿ ಅಂತ ಗಾಳಿ ಬರೋ ಹಿಡಿಕೆ ಪೂರ್ತಿ ಮುಚ್ತಾರೆ. ಬೆಳಿಗ್ಗೆ ನೋಡಿದ್ರೆ ಗಾಜು ನಮ್ಮೂರ ಬಚ್ಚಲುಮನೆಯ ಇಲ್ಲಣ ಕಟ್ಟಿದ ಗೋಡೆ ಥರ ಇರುತ್ತೆ. ಮಸಿ ಒರೆಸಿದ್ರೆ ಹೋಗುತ್ತೆ, ಅದರಡಿಯ ಕಂದು ಅಂಟು ಜಪ್ಪಯ್ಯ ಅಂದ್ರೂ ಬಿಡಲ್ಲ. ಬಲಗಡೆ ಕೆಳಮೂಲೆ ಎಲ್ಲಕ್ಕಿಂತ ಕಪ್ಪು. ಮೇಲುಗಡೆ ಒಂದು ಕಡೆ ಬಿಳಿ ಮಬ್ಬು ಬೇರೆ ಇದೆ, ಅದು ನಾವು ಬರೋ ಮುಂಚಿನದೇ.

ಇನ್ನೊಂದು ಭಯ. ಮನೇಲಿ ಮೂರು ವರ್ಷದ ಮಗ ಇದಾನೆ. ಕಾದ ಗಾಜಿಗೆ ನೀರು ಗೀರು ಚೆಲ್ಲಿದ್ರೆ ಸಿಡಿಯಲ್ವಾ? ಸುಮ್ನೆ ಕಬ್ಬಿಣದ ಬಾಗಿಲೇ ಇಡಬಹುದಿತ್ತಲ್ಲ, ಈ ಗಾಜು ಯಾಕೆ ಬೇಕಿತ್ತು?

ಕೊಪ್ಪದ ಭಟ್ರು (ಬರ್ಗನ್)

ತಂಗಿ, ಆ ಗಾಜು ಚಾಡಿ ಹೇಳ್ತಾ ಇದೆ, ಕೇಳಿಸ್ಕೊಳ್ಳಿ. ಕಬ್ಬಿಣದ ಬಾಗಿಲಾಗಿದ್ರೆ ಇದೇ ಅಂಟು ಹೊಗೆಗೂಡಿನ ಒಳಗೆ ಕೂತಿರೋದು, ಒಂದಿನ ಅಲ್ಲೇ ಬೆಂಕಿ ಹತ್ತಿಕೊಳ್ಳೋವರೆಗೂ ಗೊತ್ತೇ ಆಗ್ತಿರಲಿಲ್ಲ.

ರಾತ್ರಿ ಗಾಳಿ ಮುಚ್ಚೋದೇ ಕಾರಣ. ಸೌದೆ ಕಾದಾಗ ಮೊದಲು ಹೊಗೆಯಾಗಿ ಬರೋದು ಉರಿಯೋ ಅನಿಲ ಮತ್ತು ಟಾರು. ಗಾಳಿ ಸಾಕಷ್ಟಿದ್ರೆ ಅದೂ ಉರಿದು ಶಾಖ ಕೊಡುತ್ತೆ. ಉಸಿರು ಕಟ್ಟಿಸಿದ್ರೆ ಉರಿಯದೆ ಹೊರಟು, ಒಳಗಿನ ಇಟ್ಟಿಗೆಗಿಂತ ತಣ್ಣಗಿರೋ ಗಾಜಿಗೆ ಅಂಟುತ್ತೆ. ಅಂದ್ರೆ ದುಡ್ಡು ಕೊಟ್ಟು ತಂದ ಸೌದೆಯ ಒಳ್ಳೇ ಪಾಲು ಗಾಜಿಗೂ ಆಕಾಶಕ್ಕೂ ಹೋಗ್ತಿದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಕೂಡ ಹೆಚ್ಚು ಹುಟ್ಟುತ್ತೆ, ಅದರ ಅಲಾರಂ ಒಂದು ತಂದಿಡಿ.

ಬಾಗಿಲ ಮೇಲ್ತುದಿಯಲ್ಲಿ ಉದ್ದಕ್ಕೆ ಒಂದು ಸೀಳು ಕಾಣುತ್ತಾ ನೋಡಿ. ಅಲ್ಲಿಂದ ಬಿಸಿಗಾಳಿ ಗಾಜಿನ ಒಳಮೈ ಸವರಿಕೊಂಡು ಕೆಳಗಿಳಿಯುತ್ತೆ. ಹೊಗೆ ಗಾಜನ್ನ ಮುಟ್ಟದ ಹಾಗೆ ತಡೆಯೋದು ಆ ಗಾಳಿಪರದೆನೇ. ಸಾಮಾನ್ಯವಾಗಿ ಮೇಲಿನ ಹಿಡಿಕೆ ಇದರದ್ದು, ಕೆಳಗಿನದು ಬೆಂಕಿ ಹತ್ತಿಸೋವಾಗ ಮಾತ್ರ. ಕೆಳಗಿನದನ್ನ ಬೆಂಕಿ ಹತ್ತಿದ ಮೇಲೆ ಮುಚ್ಚಿ, ಮೇಲಿನದನ್ನ ಮಾತ್ರ ಯಾವತ್ತೂ ಪೂರ್ತಿ ಮುಚ್ಚಬೇಡಿ. ಇಲ್ಲಿ 1998ರಿಂದೀಚೆಗೆ ಮಾರೋ ಒಲೆಗಳಲ್ಲಿ ಹೊಗೆಯನ್ನೂ ಸುಡಲಿ ಅಂತ ಬಿಸಿಗಾಳಿಗೆ ಬೇರೆ ದಾರಿ ಇರುತ್ತೆ. ನಿಮ್ಮದರಲ್ಲಿ ಹಿಂದಿನ ಗೋಡೆಯಲ್ಲಿ ಸಾಲಾಗಿ ತೂತುಗಳಿದ್ರೆ ಅದು ಇದೇ.

ಹಚ್ಚೋ ಕ್ರಮಾನೂ ಬದಲಾಯಿಸಿ. ನಮ್ಮೂರಲ್ಲಿ ಸಿಪ್ಪೆ, ಸೋಗೆ ಅಡಿಗಿಟ್ಟು ಸೌದೆ ಮೇಲಿಡ್ತೀವಲ್ಲ, ಇಲ್ಲಿ ಉಲ್ಟಾ. ದಪ್ಪ ಸೀಳುಗಳು ಅಡಿಗೆ, ಚಕ್ಕೆಗಳು ಮೇಲೆ, ಬೆಂಕಿ ತುದಿಗೆ. ಹೊಗೆ ಕೆಳಗಿಂದ ಬರೋವಾಗ ಮೇಲೆ ಜ್ವಾಲೆ ಕಾದಿರುತ್ತೆ, ಹೊಗೆ ಅಲ್ಲೇ ಸುಟ್ಟುಹೋಗುತ್ತೆ. ನನ್ನಮ್ಮ ಇಲ್ಲಿಗೆ ಬಂದಾಗ ಇದನ್ನ ನೋಡಿ "ಇದೆಂಥ ತಲೆಕೆಳಗು ಒಲೆ ಮಾರಾಯ" ಅಂತ ನಕ್ಕಿದ್ರು. ಆಮೇಲೆ ಅವರೇ ದಿನಾ ಹಚ್ಚಿದ್ದು.

ಸೌದೆ ಹಸಿ ಇದ್ರೆ ಇದೆಲ್ಲ ವ್ಯರ್ಥ. ತೇವ 20 ಶೇಕಡಾ ಒಳಗಿರಬೇಕು. ಎರಡು ಸೀಳು ಒಂದಕ್ಕೊಂದು ಬಡಿದಾಗ ಟಣ್ ಅಂದ್ರೆ ಸರಿ, ದಬ್ ಅಂದ್ರೆ ಬೇಡ. ತೇವ ನೋಡೋ ಮೀಟರ್ ತಂದ್ರೆ ತೊಗಟೆಗೆ ಚುಚ್ಚಬೇಡಿ, ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ. ಬರ್ಚ್ ಮರದ ಬಿಳಿ ತೊಗಟೆ ಎಸೀಬೇಡಿ, ಬೆಂಕಿ ಹಿಡಿಸೋಕೆ ಅದನ್ನ ಮೀರಿದ್ದಿಲ್ಲ.

ಮೂಲೆ ಮಾತ್ರ ಕಪ್ಪಾದ್ರೆ ಬಾಗಿಲ ಅಂಚಿನ ಸಂದಿ ಮುಚ್ಚೋ ಹಗ್ಗದ ಮೇಲೆ ಅನುಮಾನ. ತಣ್ಣಗಿದ್ದಾಗ ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೀರಿ. ಸಲೀಸಾಗಿ ಬಂದ್ರೆ ಹಗ್ಗ ಸವೆದಿದೆ. ಕೊರಡು ಗಾಜಿಗೆ ತಾಗ್ತಿದ್ರೂ ಹೀಗೇ ಆಗುತ್ತೆ.

ತೊಳೆಯೋಕೆ ಬೂದಿ ಸಾಕು. ಒಲೆ ಪೂರ್ತಿ ಆರಿದ ಮೇಲೆ ಪೇಪರ್ ಒದ್ದೆ ಮಾಡಿ, ನುಣ್ಣನೆ ಬೂದಿಯಲ್ಲಿ ಅದ್ದಿ ಉಜ್ಜಿ. ಅಜ್ಜಿ ಪಾತ್ರೆ ತಿಕ್ಕಿದ್ದೂ ಇದೇ ಕ್ಷಾರದಿಂದ. ಬೂದಿಯಲ್ಲಿ ಮೊಳೆ, ಮರಳು ಇರಬಾರದು, ಗೀರು ಬೀಳುತ್ತೆ.

ಗಾಜಿನ ಮೇಷ್ಟ್ರು (ಜರ್ಮನಿ)

ಭಟ್ರು ಬೆಂಕಿ ವಿಷಯ ಹೇಳಿಬಿಟ್ರು, ನಾನು ಗಾಜಿನದು ಹೇಳ್ತೀನಿ. ಅದು ಕಿಟಕಿ ಗಾಜಲ್ಲ, ಕಾರಿನ ಟಫನ್ಡ್ ಗಾಜೂ ಅಲ್ಲ. ಗಾಜು-ಸೆರಾಮಿಕ್ ಅಂತಾರೆ, ಸಾಮಾನ್ಯವಾಗಿ 4 ಮಿಲಿಮೀಟರ್ ದಪ್ಪ. ಒಳಗೆ ಕಣ್ಣಿಗೆ ಕಾಣದ ಹರಳುಗಳಿವೆ, ಕಾದಾಗ ಅವು ಹಿಗ್ಗೋ ಬದಲು ಕುಗ್ಗುತ್ವೆ. ಸುತ್ತಲ ಗಾಜು ಹಿಗ್ಗುತ್ತೆ, ಎರಡೂ ಸೇರಿ ಸರಿಸುಮಾರು ಸೊನ್ನೆ. ಹಿಗ್ಗದೇ ಇದ್ರೆ ನೀರು ಬಿದ್ರೂ ಸಿಡಿಯೋಕೆ ಕಾರಣ ಇಲ್ಲ. ಇಂಡಕ್ಷನ್ ಒಲೆಯ ಮೇಲ್ಮೈಯೂ ಇದೇ ಜಾತಿ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯಲ್ಲಿ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡು ಇಟ್ಟಿದ್ದ ಕುಲುಮೆ 600 ಡಿಗ್ರಿಯಲ್ಲಿ ನಿಲ್ಲದೆ 900ಕ್ಕೆ ಹೋಯ್ತು. ಕರಗಿರುತ್ತೆ ಅಂದ್ಕೊಂಡು ತೆಗೆದ್ರೆ ಹಾಗೇ ಇತ್ತು, ಕೈಜಾರಿ ಬಿದ್ರೂ ಒಡೀಲಿಲ್ಲ. ಶುರುವಾಗಿದ್ದು ಅಲ್ಲಿಂದ. ಅದಕ್ಕೂ ಮುಂಚೆ ಒಲೆಗಳ ಕಿಂಡಿಗೆ ಕಾಗೆಬಂಗಾರದ ಹಾಳೆ ಹಾಕ್ತಿದ್ರು.

ಇದು ಒಡೆಯೋದು ಪೆಟ್ಟು, ಒತ್ತಡ ಬಿದ್ದಾಗ: ಉದ್ದ ಕೊರಡು ತುರುಕಿ ಬಾಗಿಲು ಒತ್ತಿದಾಗ, ಇಲ್ಲಾ ಗಾಜು ಹಿಡಿದಿಡೋ ಕ್ಲಿಪ್ಪಿನ ಸ್ಕ್ರೂ ಬಿಗಿ ಜಾಸ್ತಿಯಾದಾಗ. ಎಂದಾದ್ರೂ ಬದಲಿಸೋದಾದ್ರೆ ಊರ ಗಾಜಿನಂಗಡಿಯ ಟಫನ್ಡ್ ಗಾಜು ಹಾಕಿಸಬೇಡಿ, ಆ ಶಾಖಕ್ಕೆ ಅದು ತಡೆಯಲ್ಲ. ಬಿಳಿ ಮಬ್ಬು ಮಾತ್ರ ಕೊಳೆಯಲ್ಲದೆ ಗಾಜಿನ ಮೈಯೇ ಸವೆದಿರಬಹುದು. ಸಮುದ್ರದಲ್ಲಿ ತೇಲಿಬಂದ ಉಪ್ಪುಮರ, ಬಣ್ಣದ ಹಲಗೆ ಸುಟ್ರೆ ಹೀಗಾಗುತ್ತೆ. ಉಜ್ಜಿದ್ರೆ ಹೋಗಲ್ಲ.

ಗಾಜು ಸಿಡಿಯಲ್ಲ ಅಂತ ಮಗನ್ನ ಹತ್ತಿರ ಬಿಡಬೇಡಿ ಮತ್ತೆ. ಮುಟ್ಟಿದ್ರೆ ಕೈ ಸುಡುತ್ತೆ, ಬೆಂಕಿ ಆರಿದ ಮೇಲೂ ಬಹಳ ಹೊತ್ತು. ಮುಂದೆ ಜಾಲರಿ ಬೇಲಿ ಹಾಕಿ.

ಸಾಗರದವಳು

ಬೂದಿ ಕೆಲಸ ಮಾಡ್ತು! ಬಿಳಿ ಮಬ್ಬಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿದೀನಿ, ನಾಳೆ ನಮ್ಮ ತಲೆಗೆ ಕಟ್ಟಬಾರದಲ್ಲ. ಕಾಗದ ಬಲಮೂಲೆಯಲ್ಲಿ ಮಾತ್ರ ಸಲೀಸಾಗಿ ಬಂತು ಅಣ್ಣ. ಹೊಗೆಗೂಡು ಗುಡಿಸೋರು ಬರ್ತಾರೆ ಅಂತ ಮೆಸೇಜ್ ಬಂದಿದೆ, ಹಗ್ಗಾನೂ ನೋಡಿ ಅನ್ನಬಹುದಾ?

ಕೊಪ್ಪದ ಭಟ್ರು

ಧಾರಾಳವಾಗಿ ತೋರಿಸಿ, ಒಲೆ ಪರೀಕ್ಷೆ ಮಾಡೋದೂ ಅವರ ಕೆಲಸವೇ. ಹಗ್ಗ ಬದಲಿಸೋದು ಮಾಲೀಕರ ಬಾಬ್ತು. ಅವರು ಅಳತೆ ಕೇಳಿದ್ರೆ ಹಗ್ಗದ ದಪ್ಪ ಒಲೆಯ ಕೈಪಿಡಿಯಲ್ಲಿರುತ್ತೆ. ಕಣ್ಣಂದಾಜಲ್ಲಿ ತರಿಸಬೇಡಿ, ದಪ್ಪ ಜಾಸ್ತಿಯಾದ್ರೆ ಬಾಗಿಲು ಕೂರಲ್ಲ.